ಮೆಗಾಬ್ಲಾಕಿನ ಮೇಡಂ

ಕಳೆದ ತಿಂಗಳು ಡೊಂಬಿವಲಿಯಲ್ಲಿ ನಡೆದ ಸಂತಾಪ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಮೇಡಂ ಮೃದುಭಾಷಿಯಾಗಿದ್ದರು ಎಂದರು. ನನಗೆ ಕೆಮ್ಮು ಬಂತು. ಇನ್ನೊಬ್ಬರು, ಅವರು ಜೀವಮಾನದಲ್ಲಿ ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಆಗ ನನ್ನ ಪಕ್ಕ ಕೂತಿದ್ದ ಅವರ ತಮ್ಮನಿಗೂ ಕೆಮ್ಮು ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಬೇರೆ ಯಾರದೋ ಒಳ್ಳೆಯ ಗುಣಗಳನ್ನು ತಂದು ಇವರ ಫೋಟೋಕ್ಕೆ ಹಾರ ಹಾಕಿದರೆ ಹೇಗೆ? ಮೇಡಂಗೆ ಅವರದೇ ಆದ ಗುಣಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಹೆಚ್ಚಿನವು ಸಭೆಯಲ್ಲಿ ಹೇಳುವಂಥವಲ್ಲ, ಅಷ್ಟೆ.

ನಾನು ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವಳು. ಘಣಸೋಲಿ ಸ್ಟೇಷನ್ನಿನ ಹತ್ತಿರದ ಕಾಲೇಜೊಂದರಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ಉಡುಪಿ ಕಡೆಯವರು. ತಂದೆ ಡೊಂಬಿವಲಿಗೆ ಬಂದು ಒಂದು ಸಸ್ಯಾಹಾರಿ ಹೋಟೆಲು ಹಾಕಿದ್ದರು. ಆಮೇಲೆ ಅದನ್ನು ಮೇಡಂ ಅವರ ತಮ್ಮ ನಡೆಸಿದರು. ಮಗಳು ಗಲ್ಲಾದ ಮೇಲೆ ಕೂರಲಿ ಎಂದು ತಂದೆಗೆ ಆಸೆಯಿತ್ತಂತೆ. ಕೂತಿದ್ದರೆ ಒಂದು ವಾರದಲ್ಲಿ ಹೋಟೆಲು ಮುಚ್ಚುತ್ತಿತ್ತು ಎಂದು ತಮ್ಮ ಹೇಳುತ್ತಿದ್ದರು. ಚಟ್ನಿ ಎರಡನೇ ಸಲ ಕೇಳಿದವರನ್ನು ಮೇಡಂ ಎಬ್ಬಿಸಿ ಕಳಿಸುತ್ತಿದ್ದರು ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ.

ಅವರು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಅವ್ವನಿಗೆ ವಿವರಿಸಿ ನಾನು ಸೋತಿದ್ದೇನೆ, ಆದರೂ ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ಲೇಸರ್ ಬೆಳಕನ್ನು ಮೈಕ್ರೋಸ್ಕೋಪಿನ ಮಸೂರದ ಮೂಲಕ ಒಂದೇ ಬಿಂದುವಿಗೆ ತಂದರೆ, ಹತ್ತಿರವಿರುವ ಅತಿ ಸಣ್ಣ ವಸ್ತು ಆ ಬಿಂದುವಿಗೆ ಎಳೆದುಕೊಂಡು ಬಂದು ಅಲ್ಲೇ ನಿಲ್ಲುತ್ತದೆ. ಲೋಕಲ್ ಗಾಡಿಯಲ್ಲಿ ಜನ ಫ್ಯಾನಿನ ಕೆಳಗೆ ಬಂದು ನಿಂತುಬಿಡುವುದಿಲ್ಲವೆ, ಹಾಗೆ. ಮೇಡಂ ಹೀಗೆ ನಿಲ್ಲಿಸುತ್ತಿದ್ದುದು ಯೀಸ್ಟನ್ನು. ಬೇಕರಿಯವರು ಬ್ರೆಡ್ ಉಬ್ಬಿಸಲು ಹಾಕುವ ಅದೇ ಯೀಸ್ಟು. ಅದರ ಒಂದೇ ಒಂದು ಜೀವಕೋಶವನ್ನು ಬೆಳಕಿನಲ್ಲಿ ಹಿಡಿದಿಟ್ಟು, ಅದು ಹೇಗೆ ನಡುಗುತ್ತದೆ, ಸಕ್ಕರೆ ಕೊಟ್ಟರೆ ನಡುಕ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ನನ್ನ ಪಿಎಚ್.ಡಿ. ವಿಷಯ. ಅವ್ವ ಇದನ್ನೆಲ್ಲ ಕೇಳಿ, 'ಹಿಡದ ಮ್ಯಾಲೆ ಏನ್ ಮಾಡ್ತೀರಿ?' ಎಂದು ಕೇಳಿದ್ದಳು. 'ನೋಡ್ತೀವಿ' ಎಂದೆ. 'ಅಷ್ಟಕ್ಕ ಕಲ್ಯಾಣದಿಂದ ದಿನಾ ಹೋಗ್ಬೇಕೇನ?' ಎಂದಳು.

ಮೇಡಂ ಯೀಸ್ಟಿನ ಜೊತೆ ಮಾತಾಡುತ್ತಿದ್ದರು. ಅದೂ ತುಳುವಿನಲ್ಲಿ. ಕೋಶವೊಂದು ಬೆಳಕಿನ ಹತ್ತಿರ ತೇಲಿಬಂದರೆ 'ಕುಲ್ಲುಲೆ, ಕುಲ್ಲುಲೆ' ಎನ್ನುತ್ತಿದ್ದರು. ಕುಳಿತುಕೊಳ್ಳಿ ಎಂದರ್ಥ. ಹೋಟೆಲಿಗೆ ಬಂದ ಗಿರಾಕಿಗಳಿಗೆ ಅವರ ತಂದೆ ಹೇಳುತ್ತಿದ್ದ ಮಾತು. ಬಹುವಚನದ ಈ ಮರ್ಯಾದೆ ಯೀಸ್ಟಿಗೆ ಮಾತ್ರ. ನನಗೆ ಸಿಗುತ್ತಿದ್ದುದು, 'ಏ, ನಿನ್ನ ಕಾಲು ಉಂಟಲ್ಲ, ಅದು ಆನೆ ಕಾಲು. ಮೆಲ್ಲ ಇಡ್ಲಿಕ್ಕೆ ಆಗುದಿಲ್ವಾ ಮಾರಾಯ್ತಿ?'

ಕಾಲಿನ ಬಗ್ಗೆ ಅವರಿಗೆ ಅಷ್ಟು ಕೋಪ ಬರಲು ಕಾರಣವಿತ್ತು. ನಮ್ಮ ಪ್ರಯೋಗಾಲಯದ ಕಾಂಪೌಂಡು ಗೋಡೆಯ ಆಚೆಗೆ ಠಾಣೆಯಿಂದ ವಾಶಿಗೆ ಹೋಗುವ ರೈಲಿನ ಹಳಿ. ಗಾಡಿ ಬಂದರೆ ನೆಲ ನಡುಗಿ, ಬೆಳಕಿನಲ್ಲಿ ಕೂತ ಯೀಸ್ಟು ಎದ್ದು ಹೊರಟುಬಿಡುತ್ತಿತ್ತು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ನಡುಗದ ಮೇಜು ಇರುತ್ತದೆ. ನಮ್ಮಲ್ಲಿದ್ದುದು ಮೇಡಂ ತಮ್ಮನ ಹೋಟೆಲಿನ ಅಡುಗೆಮನೆ ಒಡೆದು ಕಟ್ಟುವಾಗ ಉಳಿದ ಗ್ರಾನೈಟ್ ಕಲ್ಲು, ಅದರ ಕೆಳಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳು. ಗಾಳಿ ಕಡಿಮೆಯಾದರೆ ಸೈಕಲ್ ಪಂಪು ಹಿಡಿದು ನಾನೇ ತುಂಬಬೇಕು. ಮಳೆಗಾಲದಲ್ಲಿ ಆ ಕಲ್ಲಿನಿಂದ ಹಳೆಯ ಸಾಂಬಾರಿನ ವಾಸನೆ ಬರುತ್ತಿತ್ತು.

ಒಮ್ಮೆ ಕಾಲೇಜಿನ ತಪಾಸಣೆಗೆ ಹೊರಗಿನಿಂದ ತಂಡವೊಂದು ಬಂತು. ನಮ್ಮ ಲೇಸರು ಕಣ್ಣಿಗೆ ಕಾಣದ ಬೆಳಕಿನದು. ವಿಭಾಗದ ಮುಖ್ಯಸ್ಥರು ಗಾಬರಿಯಾಗಿ ಓಡಿಬಂದು, 'ಮ್ಯಾಡಂ, ಲೇಸರ್ ದಿಸತ್ ನಾಹೀ! ಕಮಿಟೀಲಾ ಕಾಯ ದಾಖವಾಯ್ಚ?' ಎಂದರು. ಏನೂ ಕಾಣದಿದ್ದರೆ ಕಮಿಟಿಗೆ ತೋರಿಸುವುದೇನನ್ನು ಎಂಬುದು ಅವರ ಚಿಂತೆ. ಮೇಡಂ ತಮ್ಮ ಬ್ಯಾಗಿನಿಂದ, ಪಾಠ ಮಾಡುವಾಗ ಬೋರ್ಡಿಗೆ ತೋರಿಸಲು ಬಳಸುವ ಕೆಂಪು ಲೇಸರ್ ಕಡ್ಡಿಯನ್ನು ತೆಗೆದು ಮೈಕ್ರೋಸ್ಕೋಪಿನ ಪಕ್ಕ ಟೇಪು ಹಚ್ಚಿ ನಿಲ್ಲಿಸಿದರು. ಗೋಡೆಯ ಮೇಲೆ ಕೆಂಪು ಚುಕ್ಕೆ ಬಿತ್ತು. ತಂಡದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಸಂತೋಷದಿಂದ ಊಟಕ್ಕೆ ಹೋದರು. 'ನೋಡು,' ಎಂದರು ಮೇಡಂ ನನಗೆ, 'ಜನರಿಗೆ ಬೇಕಾದದ್ದು ಬೆಳಕಲ್ಲ, ಬಣ್ಣ.'

ಮೇಡಂ ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಹೋಗಬೇಕಿದ್ದ ವರ್ಷ ನಮ್ಮ ಪ್ರಬಂಧ ಒಂದು ವಿಜ್ಞಾನ ಪತ್ರಿಕೆಯಲ್ಲಿ ಸ್ವೀಕಾರವಾಯಿತು. ಸಂದರ್ಶನದಲ್ಲಿ ಮುಂದಿಡಲು ಅವರ ಬಳಿ ಇದ್ದ ದೊಡ್ಡ ಕೆಲಸ ಅದೇ. ನನ್ನ ಪಿಎಚ್.ಡಿ.ಯೂ ಅದರ ಮೇಲೆಯೇ ನಿಂತಿತ್ತು. ನಡುಕದ ಅಳತೆಯ ರೇಖೆಗಳೆಲ್ಲ ಅಷ್ಟು ಚೆನ್ನಾಗಿ ಬಂದಿದ್ದವು. ಆ ರೇಖೆಗಳನ್ನು ನೋಡಿ ನಾನು ಹಿಗ್ಗುತ್ತಿದ್ದರೆ ಮೇಡಂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

'ಎಂತ ಮಾರಾಯ್ತಿ, ಇದು ಇಷ್ಟು ಸಾಚಾ ಹೇಗೆ ಬಂತು? ಜೀವ ಇದ್ದದ್ದು ಯಾವತ್ತಾದ್ರೂ ಹೇಳಿದ ಹಾಗೆ ಕೇಳ್ತದಾ?'

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಮರುದಿನ ಯೀಸ್ಟಿನ ನೀರಿಗೆ ಒಂದು ಹನಿ ನೀಲಿ ಬಣ್ಣ ಬೆರೆಸಿದರು. ಈ ಬಣ್ಣದ ಗುಣವೆಂದರೆ, ಜೀವವಿರುವ ಯೀಸ್ಟು ಅದನ್ನು ಒಳಗೆ ಉಳಿಯಗೊಡುವುದಿಲ್ಲ, ಬೆಳ್ಳಗೇ ಇರುತ್ತದೆ. ಸತ್ತದ್ದು ನೀಲಿಯಾಗುತ್ತದೆ. ಒಂದು ಕೋಶವನ್ನು ಹಿಡಿದು, ಎಂದಿನಂತೆ ಅಳೆಯುತ್ತ ಕೂತೆವು. ಸುತ್ತಲಿನ ಯೀಸ್ಟುಗಳೆಲ್ಲ ಬೆಳ್ಳಗೆ ತೇಲಾಡಿಕೊಂಡಿದ್ದವು. ನಮ್ಮ ಬೆಳಕಿನಲ್ಲಿ ಕೂತದ್ದು, ನಾವು ನೋಡನೋಡುತ್ತಿರುವಂತೆಯೇ, ನೀಲಿಯಾಯಿತು. ಇನ್ನೊಂದನ್ನು ಹಿಡಿದೆವು, ಅದೂ ನೀಲಿ. ಸಂಜೆವರೆಗೆ ಹಿಡಿದದ್ದೆಲ್ಲ ನೀಲಿ.

ಆದದ್ದು ಇಷ್ಟೇ. ರೈಲು ಬಂದಾಗಲೆಲ್ಲ ಯೀಸ್ಟು ತಪ್ಪಿಸಿಕೊಳ್ಳುತ್ತದೆ ಎಂದು ರೋಸಿಹೋಗಿ ಮೇಡಂ ಲೇಸರಿನ ಶಕ್ತಿಯನ್ನು ಏರಿಸಿದ್ದರು. ಏರಿಸಿದ ಮೇಲೆ ಯೀಸ್ಟು ಗಟ್ಟಿಯಾಗಿ ಕೂತಿತು, ರೈಲಿಗೂ ಜಗ್ಗಲಿಲ್ಲ. ನಾವು ಹಿಡಿತ ಗಟ್ಟಿಯಾಯಿತು ಎಂದು ಸಂಭ್ರಮಪಟ್ಟೆವು. ಅದು ಸತ್ತುಹೋಗಿತ್ತು. 'ಜೀವಂತ ಯೀಸ್ಟಿನ ನಡುಕ' ಎಂದು ತಲೆಬರಹ ಕೊಟ್ಟು ನಾವು ಹೆಣಗಳನ್ನು ಅಳೆದಿದ್ದೆವು. ಓದಿ ಒಪ್ಪಿದ ಪಂಡಿತರೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಿದ್ದರು.

ಮೇಡಂ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು. ಮುಖ್ಯಸ್ಥರು ತಲೆ ಮೇಲೆ ಕೈ ಹೊತ್ತರು. 'ಮ್ಯಾಡಂ, ಯೀಸ್ಟ್ ಹೈ! ಇಸ್‌ಕಾ ಪೋಸ್ಟ್‌ಮಾರ್ಟಂ ಕೌನ್ ಕರನೇವಾಲಾ ಹೈ? ಇಂಟರ್‌ವ್ಯೂ ಹೋ ಜಾನೇ ದೋ, ಬಾದ್ ಮೇ ದೇಖೇಂಗೇ.' ಯೀಸ್ಟಿನ ಹೆಣ ಕೊಯ್ದು ನೋಡುವವರು ಯಾರು, ಸಂದರ್ಶನವೊಂದು ಮುಗಿಯಲಿ ಎಂಬುದು ಅವರ ವಾದ.

'ಮೈನೇ ಮಾರಾ ಹೈ ಸರ್,' ಎಂದರು ಮೇಡಂ. 'ಪೋಸ್ಟ್‌ಮಾರ್ಟಂ ಭೀ ಮೈ ಹೀ ಕರೂಂಗೀ.' ಕೊಂದವಳೂ ನಾನೇ, ಕೊಯ್ದು ನೋಡುವವಳೂ ನಾನೇ ಎಂದು.

ಸಂದರ್ಶನಕ್ಕೆ ಅವರು ಹೋದರು, ಹುದ್ದೆ ಬೇರೆಯವರಿಗೆ ಹೋಯಿತು. ನನಗೆ ಆಗ ಅವರ ಮೇಲೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಪ್ರಬಂಧ ಹಿಂದಕ್ಕೆ ಪಡೆದ ಸಂಜೆ ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯಲ್ಲಿ ಅಳುತ್ತ ಬಂದೆ. ಗಾಡಿ ಮುಂಬ್ರಾ ದಾಟುವಾಗ ಎದುರು ಕೂತಿದ್ದ ಹೆಂಗಸು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ, 'ಘರೀ ಕೋಣಿ ಗೇಲಂ ಕಾ?' ಎಂದು ಕೇಳಿದಳು, ಮನೆಯಲ್ಲಿ ಯಾರಾದರೂ ಹೋದರೇ ಎಂದು. ಯೀಸ್ಟು ಹೋಯಿತು ಎಂದು ಹೇಗೆ ಹೇಳಲಿ? ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಬೆನ್ನು ಸವರಿದಳು. ಮನೆಗೆ ಬಂದರೆ ಅವ್ವ ಬೇರೆ. 'ಆ ಹೆಣ್ಮಗಳಿಗೆ ತಲಿ ಕೆಟ್ಟೈತೇನ? ಸತ್ತಿದ್ದು ಮನಿಷ್ಯಾ ಅಲ್ಲ, ಕುರಿ ಅಲ್ಲ. ಬ್ರೆಡ್ಡಿಗೆ ಹಾಕೂ ಹಿಟ್ಟು! ಅದಕ್ಕ ನನ್ನ ಮಗಳ ಬಾಳೇವು ಹಾಳ್ ಮಾಡ್ತಾಳ!'

ಪಿಎಚ್.ಡಿ. ಮುಗಿಸಲು ನನಗೆ ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಅವಧಿ ಆ ಬೇಸಿಗೆಗೆ ಮುಗಿಯುವುದಿತ್ತು. ಆಮೇಲೆ ನೋಂದಣಿ ರದ್ದು, ಅಷ್ಟು ವರ್ಷದ ದುಡಿಮೆ ನೀರುಪಾಲು. ಉಳಿದ ದಾರಿ ಒಂದೇ. ನಮ್ಮ ಬೆಳಕಿನಲ್ಲಿ ಕೂತ ಯೀಸ್ಟು ಬದುಕಿರುತ್ತದೆ ಎಂದು ತೋರಿಸಬೇಕು. ಬದುಕಿದೆ ಎಂಬುದಕ್ಕೆ ಯೀಸ್ಟು ಕೊಡುವ ಗಟ್ಟಿ ಸಾಕ್ಷಿಯೆಂದರೆ ಮೊಳಕೆ. ತಾಯಿಕೋಶದ ಪಕ್ಕದಲ್ಲಿ ಸಣ್ಣ ಗುಬುಟು ಹುಟ್ಟಿ, ಬೆಳೆದು, ಬೇರೆಯಾಗಿ ಮಗಳಾಗಬೇಕು. ಶಕ್ತಿ ಇಳಿಸಿದರೆ ಯೀಸ್ಟು ಬದುಕುತ್ತದೆ. ಆದರೆ ಅಷ್ಟು ಸಡಿಲ ಹಿಡಿತವನ್ನು ಒಂದೇ ಒಂದು ಲೋಕಲ್ ಗಾಡಿ ಬಿಡಿಸಿಬಿಡುತ್ತದೆ. ಮೊಳಕೆಗೆ ಬೇಕಾದಷ್ಟು ಹೊತ್ತು ಗಾಡಿಯಿಲ್ಲದ ಹಗಲು ಎಲ್ಲಿಂದ ತರುವುದು?

ಮೇಡಂ ತಂದರು. ಹಳಿ ರಿಪೇರಿಗೆಂದು ರೈಲ್ವೆಯವರು ಭಾನುವಾರ ಮಧ್ಯಾಹ್ನದ ಆಸುಪಾಸು ಕೆಲವು ಗಂಟೆ ಗಾಡಿ ನಿಲ್ಲಿಸುವ ಮೆಗಾಬ್ಲಾಕು ಈ ಕಡೆಯ ಜನರಿಗೆಲ್ಲ ಶಾಪ. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಹೆಣ್ಣು ನೋಡಲು ಹೊರಟವರು ಎಲ್ಲರೂ ಅದನ್ನು ಬೈಯುವವರೇ. ಮೇಡಂ ಒಬ್ಬರೇ ಅದಕ್ಕಾಗಿ ಕಾಯುತ್ತಿದ್ದರು. ಶನಿವಾರದ ಪೇಪರಿನಲ್ಲಿ ಉಳಿದವರು ರಾಶಿಭವಿಷ್ಯ ಹುಡುಕಿದರೆ ಇವರು ಬ್ಲಾಕಿನ ಸುದ್ದಿ ಹುಡುಕುತ್ತಿದ್ದರು. ನಮ್ಮ ಹಳಿಯಲ್ಲಿ ಇಲ್ಲ, ಕುರ್ಲಾ ಕಡೆಯಲ್ಲಿ ಎಂದು ಗೊತ್ತಾದರೆ ಕುರ್ಲಾದವರ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಮ್ಮದೇ ಹಳಿಯಲ್ಲಿದ್ದರೆ ಹೋಟೆಲಿನ ನಡುವೆ ನಿಂತು, 'ಠಾಣೆ-ವಾಶಿ ಬ್ಲಾಕ್ ಉಂಟು!' ಎಂದು ಕೂಗುವುದು. ದೋಸೆ ತಿನ್ನುತ್ತಿದ್ದ ಗಿರಾಕಿಗಳು, ಇದರಲ್ಲಿ ಖುಷಿಪಡುವಂಥದ್ದು ಏನಿದೆ ಎಂದು ತಲೆಯೆತ್ತಿ ನೋಡುತ್ತಿದ್ದರು. 'ಊರಿಗೆಲ್ಲ ಒಂದು ದಾರಿಯಾದ್ರೆ ಅಕ್ಕನಿಗೆ ಬೇರೆಯೇ ದಾರಿ' ಎಂದು ತಮ್ಮ ಒಳಗೆ ಹೋಗಿಬಿಡುತ್ತಿದ್ದರು.

ಹೀಗೆ ಇಡೀ ಊರು ಮನೆಯಲ್ಲಿ ಕೂತ ಭಾನುವಾರಗಳಲ್ಲಿ ನಾವಿಬ್ಬರು ಬ್ಲಾಕು ಶುರುವಾಗುವ ಮೊದಲೇ ಘಣಸೋಲಿ ಸೇರಿಕೊಳ್ಳುತ್ತಿದ್ದೆವು. ಒಂದು ಭಾನುವಾರ ಹಿಡಿದ ಯೀಸ್ಟು ಮುದಿಯಾಗಿತ್ತು, ಮೊಳೆಯಲೇ ಇಲ್ಲ. ಒಂದು ಭಾನುವಾರ ಕರೆಂಟು ಹೋಯಿತು. ಇನ್ನೊಂದು ಭಾನುವಾರ ಹಬ್ಬದ ಜನಸಂದಣಿಯೆಂದು ರೈಲ್ವೆಯವರು ಬ್ಲಾಕನ್ನೇ ರದ್ದು ಮಾಡಿದರು. ಗಾಡಿಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವು. ಮೇಡಂ ಪ್ಲಾಟ್‌ಫಾರ್ಮಿನಲ್ಲಿ ನಿಂತು, 'ಮಾತಿಗೆ ನಿಲ್ಲದ ಜನ! ನಿಲ್ಲಿಸ್ತೇವೆ ಅಂತ ಹೇಳಿ ಓಡಿಸ್ತಾರೆ!' ಎಂದು ರೈಲ್ವೆಯನ್ನು ಬೈದರು. ಗಾಡಿ ಸರಿಯಾಗಿ ಓಡಿದ್ದಕ್ಕೆ ಬೈಸಿಕೊಂಡದ್ದು ರೈಲ್ವೆಗೂ ಅದೇ ಮೊದಲಿರಬೇಕು.

ನನ್ನ ಅವಧಿ ಮುಗಿಯುವ ಮೊದಲಿನ ಕೊನೆಯ ಬ್ಲಾಕು ಮೇ ತಿಂಗಳಲ್ಲಿ ಬಂತು. ಫ್ಯಾನಿನ ಗಾಳಿಗೂ ಮೇಜು ಅಲುಗುತ್ತದೆಂದು ಫ್ಯಾನು ಬಂದ್. ಆ ಸೆಕೆ ಯೀಸ್ಟಿಗೆ ಹಿತ, ನಮಗೆ ನರಕ. ಯೀಸ್ಟಿನ ಹನಿಯಿಟ್ಟ ಗಾಜಿನ ಪಟ್ಟಿಯ ಅಂಚಿನಿಂದ ನೀರು ಆರಿಹೋಗದ ಹಾಗೆ ಮೇಡಂ ಗುಲಾಬಿ ನೇಲ್‌ಪಾಲಿಶು ಬಳಿದು ಮುಚ್ಚಿದರು. ಉಗುರಿಗೆ ಎಂದೂ ಹಚ್ಚದ ಅವರು ವರ್ಷಕ್ಕೆ ಎಷ್ಟು ಬಾಟಲಿ ತರಿಸುತ್ತಿದ್ದರೋ. ಕೊನೆಯ ಗಾಡಿ ಠಾಣೆಯ ಕಡೆಗೆ ಹೋಯಿತು. ನೆಲ ಸುಮ್ಮನಾಯಿತು. ಎಳೆಯದೊಂದು ಕೋಶವನ್ನು ಹುಡುಕಿ, ಶಕ್ತಿಯನ್ನು ಪೂರ್ತಿ ಇಳಿಸಿ, ಮೆಲ್ಲಗೆ ಕೂರಿಸಿದೆವು. ಚಪ್ಪಲಿ ಬಿಚ್ಚಿ, ಸ್ಟೂಲಿನ ಮೇಲೆ ಕಾಲು ಮಡಚಿ, ಪರದೆಯನ್ನೇ ನೋಡುತ್ತ ಕೂತೆವು.

ಮೇಡಂಗೆ ಸುಮ್ಮನಿರಲು ಬರುವುದಿಲ್ಲ. ಕೂಗುವಂತಿಲ್ಲವಾದ್ದರಿಂದ ಪಿಸುಗುಟ್ಟಿದರು. ಅವರ ಪಿಸುಮಾತು ಕೇಳಿದ್ದು ನಾನು ಆ ಒಂದೇ ಸಲ.

'ಬೇಸರ ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ ಆಯ್ತಾ. ಬಾಗಿಲಲ್ಲಿ ಪ್ರೊಫೆಸರ್ ಅಂತ ಬೋರ್ಡು ಬೇಕಿತ್ತು ನನಗೆ. ಬಚ್ಚಲಲ್ಲಿ ನಳ ಬಿಟ್ಟು ಅತ್ತಿದ್ದೇನೆ.'

'ಮತ್ಯಾಕ್ರೀ ಮೇಡಂ ವಾಪಸ್ ತಗೊಂಡ್ರಿ?'

'ನಾಳೆ ಯಾರೋ ಅದನ್ನು ನಂಬಿ ಅದರ ಮೇಲೆ ಕೆಲಸ ಮಾಡ್ತಾರಲ್ಲ. ಅವರ ಹತ್ರ ಕಲಿಯುವ ಮಗು ಕೂಡ ನಿನ್ನ ಹಾಗೆ ರೈಲಲ್ಲಿ ಅಳಬೇಕಾ?'

ನಾನು ರೈಲಿನಲ್ಲಿ ಅತ್ತದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವಷ್ಟರಲ್ಲಿ, ಪರದೆಯ ಮೇಲೆ ಕೋಶದ ಒಂದು ಬದಿ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಉಬ್ಬಿದ್ದು ನಿಜ. ಅದು ಬೆಳೆಯಿತು. ಸಾಸಿವೆ ಕಾಳಿನ ಪಕ್ಕ ಗಸಗಸೆ ಅಂಟಿಕೊಂಡ ಹಾಗೆ ನಮ್ಮ ಬೆಳಕಿನ ನಡುವೆ ಮೊಳಕೆ ಕೂತಿತ್ತು. ನನಗೆ ಕಿರುಚಬೇಕೆನಿಸಿತು. ಮೇಡಂ ನನ್ನ ಬಾಯಿಗೆ ತಮ್ಮ ಕೈ ಅಡ್ಡ ಇಟ್ಟರು.

ಆದರೆ ಬೇರೆಯಾಗಲು ಇನ್ನೂ ಹೊತ್ತಿತ್ತು, ಬ್ಲಾಕು ಮುಗಿಯುತ್ತ ಬಂದಿತ್ತು. ಮೊಳಕೆ ಕಂಡರೆ ಸಾಲದು, ಮಗಳು ಬೇರೆಯಾಗಬೇಕು. ಇಲ್ಲದಿದ್ದರೆ, ಮೊಳೆತ ಮೇಲೆ ಬೆಳಕಿಗೆ ಸಿಕ್ಕಿ ಸತ್ತಿತು ಎಂದು ಯಾವ ಪರೀಕ್ಷಕನೂ ಹೇಳಬಹುದು. ದೂರದಲ್ಲಿ ಗಾಡಿಯ ಹಾರ್ನ್ ಕೇಳಿತು. ಪರದೆಯ ಮೇಲೆ ತಾಯಿ-ಮಗಳು ತೂರಾಡತೊಡಗಿದವು. ಮೇಡಂ ಕೈ ಲೇಸರಿನ ಗುಂಡಿಗೆ ಹೋಯಿತು. ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು, ಗಟ್ಟಿಯಾಗಿ ಕೂತುಬಿಡುತ್ತಿತ್ತು.

'ಜಾಸ್ತಿ ಮಾಡ್ರಿ ಮೇಡಂ!' ಎಂದು ನಾನು ಚೀರಿದೆ. 'ಹೊಂಟೈತ್ರಿ! ಹೊಂಟೈತಿ!'

ಮೇಡಂ ಕೈ ಹಿಂದಕ್ಕೆ ತೆಗೆದರು. ಅದು ಮತ್ತೆ ಗುಂಡಿಯ ಕಡೆಗೆ ಹೋಗುವುದನ್ನು ಕಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತುಬಿಟ್ಟರು. ಗೋಡೆಯಾಚೆ ಗಾಡಿ ಹಾದುಹೋಯಿತು. ಯೀಸ್ಟು ಬೆಳಕಿನಿಂದ ಜಾರಿ, ಮೊಳಕೆಯನ್ನು ಕಟ್ಟಿಕೊಂಡು, ಕೆಳಗೆ ಇಳಿದುಹೋಯಿತು.

ನನಗೆ ಪ್ರಪಂಚವೇ ಮುಗಿದಂತಾಯಿತು. ಮೇಡಂ ಮಾತ್ರ ಲೇಸರನ್ನು ಪೂರ್ತಿ ಆರಿಸಿ, ಕೈಗಳನ್ನು ಹೊರತೆಗೆದು, ಮೈಕ್ರೋಸ್ಕೋಪಿನ ತಿರುಪುಗಳನ್ನು ಹಿಡಿದರು. 'ಹಿಡಿಯುದು ಬೇಡ. ಹಿಂದೆ ಹೋಗುವ,' ಎಂದರು. ತಳಕ್ಕೆ ಇಳಿದ ಕೋಶವನ್ನು ಹುಡುಕಿ ಪರದೆಯ ನಡುವೆ ತಂದರು. ಇನ್ನೊಂದು ಗಾಡಿ ಬಂತು, ಅದು ಜರುಗಿತು. ಇವರು ತಿರುಪು ತಿರುಗಿಸಿ ಹಿಂದೆಯೇ ಹೋದರು. ಮತ್ತೆ ಗಾಡಿ, ಮತ್ತೆ ಜರುಗು, ಮತ್ತೆ ತಿರುಪು. ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು. ಅವರ ಮೂಗಿನ ತುದಿಯಿಂದ ಬೆವರು ಇಳಿಯುತ್ತಿತ್ತು, ಒರೆಸಲು ಕೈ ಬಿಡುವಂತಿರಲಿಲ್ಲ. ನಾನು ನನ್ನ ದುಪಟ್ಟಾದಿಂದ ಒರೆಸಿದೆ. ಅದಕ್ಕೂ ಬೈದರು, ಅಡ್ಡ ಬಂದೆ ಎಂದು.

ಸಂಜೆ ಗಾಡಿಗಳೆಲ್ಲ ಜನರನ್ನು ತುಂಬಿಕೊಂಡು ಓಡುತ್ತಿದ್ದಾಗ, ಒಂದು ಗಾಡಿಯ ಅಲುಗಾಟಕ್ಕೆ, ಮಗಳು ತಾಯಿಯಿಂದ ಬೇರೆಯಾಯಿತು. ನಮ್ಮ ಬೆಳಕಿನಲ್ಲಿ ಅಷ್ಟು ಹೊತ್ತು ಕೂತೆದ್ದು ಬಂದ ಯೀಸ್ಟು ಬದುಕಿತ್ತು. ಬದುಕಿದ್ದಷ್ಟೇ ಅಲ್ಲ, ಹೆತ್ತಿತ್ತು. ಮೇಡಂ ತಿರುಪು ಬಿಟ್ಟು, ಗ್ರಾನೈಟ್ ಕಲ್ಲಿಗೆ ಹಣೆ ಹಚ್ಚಿದರು. ನಾನು ಗೊಳೋ ಎಂದು ಅತ್ತೆ. ಈ ಸಲ ಕೇಳಲು ಬಟಾಣಿಯವಳು ಇರಲಿಲ್ಲ.

ಹೊಸ ಪ್ರಬಂಧ ಬರೆಯುವಾಗ ಲೇಖಕರ ಹೆಸರಿನ ಜಾಗದಲ್ಲಿ ನನ್ನೊಬ್ಬಳ ಹೆಸರನ್ನು ಉಳಿಸಿ, ತಮ್ಮದನ್ನು ಅವರೇ ಹೊಡೆದುಹಾಕಿದರು. ನಾನು ಜಗಳಕ್ಕೆ ನಿಂತೆ.

'ಸತ್ತದ್ದಕ್ಕೆಲ್ಲ ನನ್ನ ಹೆಸರು ಹಾಕಿ ಆಯ್ತು,' ಎಂದರು. 'ಹುಟ್ಟಿದ್ದಕ್ಕೆ ನಿನ್ನದೊಂದೇ ಇರ್ಲಿ.'

ಅವರಿಗೆ ತಿಳಿಸದೆ ನಾನು ಎರಡೂ ಹೆಸರು ಹಾಕಿ ಕಳಿಸಿದೆ, ಅವರದನ್ನೇ ಮೊದಲು. ಅಚ್ಚಾಗಿ ಬಂದ ಪ್ರತಿಯನ್ನು ಡೊಂಬಿವಲಿ ಸ್ಟೇಷನ್ನಿನಲ್ಲಿ ಕೈಗೆ ಕೊಟ್ಟಾಗ, ಬ್ರಿಜ್ಜಿನ ಮೇಲಿನ ಜನ ಬಗ್ಗಿ ನೋಡುವ ಹಾಗೆ ಬೈದರು. ಬೈದು ಮುಗಿಸಿ, ಕನ್ನಡಕ ಹಾಕಿಕೊಂಡು, ಮೊದಲ ಹೆಸರನ್ನು ಇನ್ನೊಮ್ಮೆ ಓದಿ, ಆ ಪ್ರತಿಯನ್ನು ಮಡಚದೆ ಎದೆಗೆ ಒತ್ತಿ ಹಿಡಿದುಕೊಂಡು ಆ ಗದ್ದಲದ ಗಾಡಿ ಹತ್ತಿದರು.